ಕನ್ನಡಿಗೆ ಸುತ್ತಿದ ಕೌದಿ

ಬಾಗಿಲಿಗೆ ಸಿಕ್ಕಿಸಿದ್ದ ಬೇವಿನ ಸೊಪ್ಪನ್ನು ಶಂಕರಲಿಂಗಪ್ಪ ಬೆಳಗಾಗುವ ಮೊದಲೇ ಕಿತ್ತು ಹಾಕಿದ. ಮೂರು ವಾರದಿಂದ ಅಲ್ಲೇ ಒಣಗಿದ್ದ ಸೊಪ್ಪು ಕೈ ಸೋಕುತ್ತಲೇ ಪುಡಿಯಾಗಿ ಹೊಸ್ತಿಲ ಮೇಲೆಲ್ಲ ಉದುರಿತು. ಸಿದ್ದಗಂಗಮ್ಮ ಪೊರಕೆ ತಂದು ಗುಡಿಸಿದಳು. ಗುಡಿಸಿದ್ದನ್ನು ಹಿತ್ತಲ ತಿಪ್ಪೆಗೆ ಹಾಕಲು ಹೊರಟವಳನ್ನು ಗಂಡ ತಡೆದ.

“ತಿಪ್ಪೇಲಿ ಕಂಡುಬುಡ್ತದೆ. ಒಲೆಗೆ ಹಾಕು.”

ಬಾಗಿಲಲ್ಲಿ ಬೇವಿನ ಸೊಪ್ಪಿದ್ದರೆ ಒಳಗೆ ಅಮ್ಮ ಆಗಿದೆ ಎಂದು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಭಿಕ್ಷಕ್ಕೆ ಬಂದವನು ಕೂಡ ನಿಲ್ಲದೆ ಮುಂದಿನ ಮನೆಗೆ ಹೋಗುತ್ತಾನೆ. ಐವತ್ತೆಂಟನೇ ಇಸವಿಯ ಆ ಚಳಿಗಾಲದಲ್ಲಿ ಕೊರಟಗೆರೆಯಲ್ಲಿ ಅಂಥ ಬಾಗಿಲುಗಳು ಏಳೆಂಟಿದ್ದವು. ಈ ಮನೆಯಲ್ಲಿ ಸಿಡುಬು ಎದ್ದದ್ದು ಆರು ವರ್ಷದ ನೀಲಮ್ಮನಿಗೆ, ಗಂಡ ಹೆಂಡತಿಗೆ ಇದ್ದೊಬ್ಬ ಮಗಳಿಗೆ. ಹಿಂದಿನ ವರ್ಷ ಸೂಜಿ ಹಾಕುವವರು ಬೀದಿಗೆ ಬಂದಾಗ, ಮಗು ಹೆದರುತ್ತಾಳೆಂದು ಸಿದ್ದಗಂಗಮ್ಮನೇ ಅವಳನ್ನು ರಾಗಿ ಗುಡಾಣದ ಹಿಂದೆ ಬಚ್ಚಿಟ್ಟಿದ್ದಳು. ಅದರ ಫಲವನ್ನು ಮೂರು ವಾರ ಕಣ್ಣಾರೆ ಕಂಡಳು. ಹೇಗೋ ಮಗು ಉಳಿಯಿತು, ಕಣ್ಣು ಹೋಗಲಿಲ್ಲ, ಮುಖದ ತುಂಬ ಗುಳಿ ಬಿದ್ದವು. ತಲೆಗೆ ನೀರು ಹಾಕಿದ ಮೇಲೆ ಅವಳನ್ನು ಗೊರವನಹಳ್ಳಿಯ ಪಕ್ಕದ ಅಜ್ಜಿಯ ಊರಿಗೆ ಕಳಿಸಿದ್ದರು.

ಮಗು ಗುಣವಾಗುವ ಹೊತ್ತಿಗೆ ಮನೆಗೆ ಬಂದು ನೋಡಿಹೋದ ಆರೋಗ್ಯ ಇಲಾಖೆಯ ಮನುಷ್ಯ ಎರಡು ಮಾತು ಒತ್ತಿ ಹೇಳಿದ್ದ. ಮಗು ಮಲಗಿದ್ದ ಹಾಸಿಗೆ ಹೊದಿಕೆಯನ್ನೆಲ್ಲ ಸುಟ್ಟುಬಿಡಿ. ಸೂಜಿ ಹಾಕಿಸದವರು ಯಾರಾದರೂ ಅದನ್ನು ಮುಟ್ಟಿದರೆ ಮೂರು ದಿನದೊಳಗೆ ಹಾಕಿಸಿ, ತಡೆಯುತ್ತದೆ. ಸಿದ್ದಗಂಗಮ್ಮ ಹಾಸಿಗೆಯನ್ನು ಸುಟ್ಟಳು. ಚಾಪೆಯನ್ನೂ ಸುಟ್ಟಳು. ಕೌದಿಗೆ ಬಂದಾಗ ಅವಳ ಕೈ ಏಳಲಿಲ್ಲ. ಅದು ಸತ್ತ ಅತ್ತೆಯದಲ್ಲ, ಗಂಡ ತಂದದ್ದಲ್ಲ. ಅವಳ ಹೆರಿಗೆಗೆಂದು ಅವಳ ತಾಯಿ ತನ್ನ ಏಳು ಹಳೆಯ ಸೀರೆಗಳನ್ನು ಸೇರಿಸಿ ಒಂದು ಮಳೆಗಾಲವಿಡೀ ಕೂತು ಹೊಲಿದದ್ದು. ನೀಲಮ್ಮ ಹುಟ್ಟಿದ ದಿನ ಮಲಗಿದ್ದು ಅದರ ಮೇಲೆ, ಸಾವಿನ ಬಾಯಿಂದ ಬಂದದ್ದೂ ಅದರ ಮೇಲೆ. ಗಂಡನಿಗೆ ವರ್ಗವಾಗಿದ್ದ ಶಿರಾಕ್ಕೆ ಹೋದ ಮೇಲೆ ಸೌಳು ಹಾಕಿ ಹಂಡೆಯಲ್ಲಿ ಕುದಿಸಿದರಾಯಿತು ಎಂದುಕೊಂಡು ಅದನ್ನು ಬೇರೆ ಗಂಟು ಕಟ್ಟಿ ಮೂಲೆಗಿಟ್ಟಳು. ಗಂಡನಿಗೆ ಹೇಳಲಿಲ್ಲ.

ಶಿರಾಕ್ಕೆ ಹೋಗಲೇಬೇಕಾಗಿತ್ತು. ಶಂಕರಲಿಂಗಪ್ಪ ಕಂದಾಯದ ಗುಮಾಸ್ತ. ವರ್ಗದ ಹುಕುಂ ಬಂದು ತಿಂಗಳಾಗಿತ್ತು. ಹೊಟ್ಟೆನೋವೆಂದು ಬರೆದು ಬರೆದು ರಜೆ ಮುಗಿದಿತ್ತು. ಸೋಮವಾರ ಹಾಜರಾಗದಿದ್ದರೆ ಆ ಜಾಗಕ್ಕೆ ಇನ್ನೊಬ್ಬನನ್ನು ಹಾಕುತ್ತಾರೆಂದು ಕಾಗದ ಬಂದಿತ್ತು. ಮಗಳಿಗೆ ಸಿಡುಬು ಎಂದು ಬರೆಯಬಹುದಿತ್ತಲ್ಲ ಎಂದರೆ, ಬರೆದಿದ್ದರೆ ಶಿರಾದಲ್ಲಿ ಬಾಡಿಗೆ ಮನೆ ಸಿಗುತ್ತಿರಲಿಲ್ಲ, ಮಗುವನ್ನು ಊರ ಹೊರಗಿನ ಸಿಡುಬಿನ ಶೆಡ್ಡಿಗೆ ಒಯ್ಯುತ್ತಿದ್ದರು. ಅವನು ಕೆಟ್ಟ ಮನುಷ್ಯನಲ್ಲ, ಹೆದರಿದ ಮನುಷ್ಯ. ಹೆದರಿದವರು ಮಾಡುವ ಕೆಲಸ ನೋಡಿದರೆ ಕೆಟ್ಟವರೇ ವಾಸಿ ಅನ್ನಿಸುವುದೂ ಉಂಟು.

ಕೊರಟಗೆರೆಯ ಗಾಡಿಯವರು ಯಾರೂ ಬರಲೊಪ್ಪಲಿಲ್ಲ. ಅವರಿಗೆ ಮನೆಯ ಸಂಗತಿ ಗೊತ್ತಿತ್ತು. ಅದಕ್ಕೇ ಶಂಕರಲಿಂಗಪ್ಪ ಶಿರಾದ ನಬೀ ಸಾಬನಿಗೆ ಹೇಳಿ ಕಳಿಸಿದ. ನಾಲ್ಕು ತಾಲ್ಲೂಕಿನಲ್ಲಿ ವರ್ಗವಾದ ಅಮಲ್ದಾರರು, ಮೇಷ್ಟ್ರುಗಳು, ಪೋಲೀಸಿನವರು ಯಾರೇ ಆಗಲಿ ಮನೆ ಸಾಗಿಸುವುದು ನಬೀ ಸಾಬನ ಗಾಡಿಗಳಲ್ಲಿ. ಪಾವಗಡದಿಂದ ಮಧುಗಿರಿಗೆ ಅವನು ತಂದ ಗಾಜಿನ ಬೀರು ಒಂದು ಗೀರೂ ಬೀಳದೆ ಇಳಿದಿತ್ತಂತೆ.

ಹೊತ್ತು ಮಾರುದ್ದ ಏರುವ ವೇಳೆಗೆ ಎರಡು ಗಾಡಿ ಬಂದು ನಿಂತವು. ಒಂದರಲ್ಲಿ ನಬೀ ಸಾಬ್, ಇನ್ನೊಂದರಲ್ಲಿ ಅವನ ಮಗ ಅಕ್ಬರ್. ನಬೀ ಸಾಬನಿಗೆ ಅರವತ್ತರ ಹತ್ತಿರ. ಬಿಳಿ ಗಡ್ಡ, ತೋಳು ಮಾತ್ರ ಇನ್ನೂ ಹಗ್ಗದಂತೆ ಹುರಿಗಟ್ಟಿದ್ದವು. ಇಳಿದವನು ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು, ಪ್ರತಿಯೊಂದು ಮನೆಯಲ್ಲೂ ಕೇಳುವಂತೆ ಕೇಳಿದ.

“ಬೇಜಾರು ಮಾಡ್ಕಬೇಡಿ ಸಾರ್, ನಮ್ಮ ರಿವಾಜು. ಮನೇಲಿ ಸೂತಕ ಗೀತಕ ಇಲ್ವಲ್ಲ? ಅಮ್ಮ ಗಿಮ್ಮ ಆಗಿಲ್ವಲ್ಲ? ನಾವು ಹತ್ತೂರಲ್ಲಿ ಇಳಿಯೋರು, ಮನೇಲಿ ಮಕ್ಕಳು ಮರಿ ಇರೋರು.”

“ಏನೂ ಇಲ್ಲಪ್ಪ,” ಎಂದ ಶಂಕರಲಿಂಗಪ್ಪ.

ಬಾಗಿಲ ಹಿಂದೆ ನಿಂತಿದ್ದ ಸಿದ್ದಗಂಗಮ್ಮ ಅದನ್ನು ಕೇಳಿ ಒಳಗೆ ಸರಿದಳು. ನಬೀ ಸಾಬ್ ಬಿಸ್ಮಿಲ್ಲಾ ಎಂದು ಬಲಗಾಲಿಟ್ಟು ಒಳಗೆ ಬಂದ. ಗುಮಾಸ್ತನ ಬಾಯಿಂದ ಬಂದ ಮಾತೆಂದರೆ ಅವನಿಗೆ ಸ್ಟಾಂಪು ಹಾಕಿದ ಕಾಗದವಿದ್ದಂತೆ.

ಅವನು ಸಾಮಾನು ಹೇರುವುದನ್ನು ನೋಡುತ್ತ ನಿಂತರೆ ದುಃಖದಲ್ಲಿದ್ದವರಿಗೂ ಹೊತ್ತು ಹೋಗುವುದು ತಿಳಿಯುತ್ತಿರಲಿಲ್ಲ. ಒರಳುಕಲ್ಲು ಬೀಸುವ ಕಲ್ಲು ಅಚ್ಚಿನ ಮೇಲೆ, ಪಾತ್ರೆಗಳು ಹುಲ್ಲಿನ ನಡುವೆ, ಮಂಚದ ಕಾಲು ಬಿಚ್ಚಿ ಪಕ್ಕಕ್ಕೆ, ದೇವರ ಪೆಟ್ಟಿಗೆಯನ್ನು ತಾನು ಮುಟ್ಟದೆ ಮನೆಯವರಿಂದಲೇ ಇಡಿಸಿ. ಕೊನೆಗೆ ಉಳಿದದ್ದು ಸಿದ್ದಗಂಗಮ್ಮನ ಮದುವೆಯ ನಿಲುಗನ್ನಡಿ.

“ಕನ್ನಡಿಗೆ ಏನಾರ ದಪ್ಪಂದು ಕೊಡಿ ಸಾರ್, ಸುತ್ತಬೇಕು.”

ಸಿದ್ದಗಂಗಮ್ಮ ಹಿತ್ತಲಲ್ಲಿ ಹಂಡೆ ಉರುಳಿಸುತ್ತಿದ್ದಳು. ಅವಳು ಬರುವುದರೊಳಗೆ ಶಂಕರಲಿಂಗಪ್ಪ ಮೂಲೆಯಲ್ಲಿದ್ದ ಗಂಟು ಬಿಚ್ಚಿ, ಒಳಗಿದ್ದುದನ್ನು ಎಳೆದು ಕೊಟ್ಟಿದ್ದ. ಅವಳು ಬಂದು ನೋಡಿದಾಗ ಕೌದಿ ಕನ್ನಡಿಗೆ ಎರಡು ಸುತ್ತು ಬಂದು, ಅದರ ಮೇಲೆ ಹಗ್ಗ ಬಿದ್ದಿತ್ತು.

“ಅದು ಬ್ಯಾಡ,” ಎಂದಳು. “ಬೇರೆ ಕೊಡ್ತೀನಿ, ಅದನ್ನ ಬಿಚ್ಚಿ.”

“ಬಿಗಿದಾಯ್ತು ಕಣಮ್ಮ. ಹಗ್ಗ ಒಂದ್ಸಲ ಬಿಗಿದ್ರೆ ಊರಲ್ಲೇ ಬಿಚ್ಚೋದು.” ನಬೀ ಸಾಬ್ ಕೌದಿಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದ. “ಎಷ್ಟು ಮೆತ್ತಗೈತೆ. ಹಳೇ ಸೀರೇಂದೇ ಚೆಂದ. ನಮ್ಮನೇಲಿ ಮೊಮ್ಮಗಳು ಬಂದವ್ಳೆ ಅಮ್ಮಾವ್ರೇ, ಐದು ತಿಂಗಳು. ಅಫ್ಜಲುನ್ನೀಸಾ ಅಂತ. ಮಗೂಗಿಂತ ಹೆಸರೇ ಉದ್ದ.”

ಮನೆ ಸಾಗಿಸುವವರಲ್ಲಿ ಒಂದು ಪದ್ಧತಿಯಿತ್ತು. ಒಡೆಯುವ ಸಾಮಾನಿಗೆ ಸುತ್ತಲೆಂದು ಮನೆಯವರು ಕೊಟ್ಟ ಬಟ್ಟೆ, ಸಾಮಾನು ಒಡೆಯದೆ ಇಳಿದರೆ, ಗಾಡಿಯವನಿಗೆ ಸೇರುತ್ತದೆ. ಬಾಡಿಗೆಯ ಮಾತು ಬೇರೆ, ಇದು ಮಾಮೂಲು, ಅವನ ಮರ್ಯಾದೆ. ಹಾಗಾಗಿ ಮನೆಯವರು ಕೊಡುವುದೇ ಹರಿದದ್ದನ್ನು. ನಬೀ ಸಾಬನ ಮನೆಯ ಕೌದಿಗಳಲ್ಲಿ ನಾಲ್ಕು ತಾಲ್ಲೂಕಿನ ಅಧಿಕಾರಿಗಳ ಹೆಂಡಂದಿರ ಸೀರೆಗಳಿದ್ದವು. ಸಿದ್ದಗಂಗಮ್ಮನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಗಂಡನ ಮುಖ ನೋಡಿದಳು. ಅವನಿಗೂ ಆಗ ಅದು ಯಾವ ಕೌದಿಯೆಂದು ಹೊಳೆಯಿತು. ಆದರೂ ಕಣ್ಣಲ್ಲೇ ಸುಮ್ಮನಿರು ಎಂದ. ಗಾಡಿಗಳು ಹೊರಟವು.

ಗಂಡ ಹೆಂಡತಿ ಬಸ್ಸಿನಲ್ಲಿ ಮಧುಗಿರಿ ಮೇಲೆ ಶಿರಾಕ್ಕೆ ಬಂದರು. ಗಾಡಿಗಳು ಭಾನುವಾರ ಮಧ್ಯಾಹ್ನ ಬಂದವು. ಮಧುಗಿರಿ ರಸ್ತೆಯ ಅಂಚಿನಲ್ಲಿ ಹಿಡಿದಿದ್ದ ಬಾಡಿಗೆ ಮನೆಯ ಮುಂದೆ ಅಪ್ಪ ಮಗ ಒಂದೊಂದೇ ಇಳಿಸಿದರು. ಕನ್ನಡಿ ಕೊನೆಗೆ ಇಳಿಯಿತು. ನಬೀ ಸಾಬ್ ಹಗ್ಗ ಬಿಚ್ಚಿ, ಕೌದಿ ತೆಗೆದು, ಗಾಜಿನ ಮೇಲೆ ಅಂಗೈ ಆಡಿಸಿ ತೋರಿಸಿದ.

“ನೋಡಿ ಅಮ್ಮಾವ್ರೇ. ಕೂದಲೆಳೆಯಷ್ಟೂ ಬಿರುಕಿಲ್ಲ.”

ಕೌದಿಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ. ಸಿದ್ದಗಂಗಮ್ಮ ಅದರ ಒಂದು ತುದಿ ಹಿಡಿದಳು.

“ಸಾಬ್ರೇ, ಇದು ನಮ್ಮವ್ವ ಹೊಲಿದಿದ್ದು. ಇದನ್ನ ಕೊಡಕ್ಕಾಗಲ್ಲ. ಜಮಖಾನ ಕೊಡ್ತೀನಿ, ತಗಳಿ.”

ನಬೀ ಸಾಬನ ನಗು ಇಳಿಯಿತು. ಜಮಖಾನ ದೊಡ್ಡದು, ಕೌದಿಗಿಂತ ಬೆಲೆಯದು. ಆದರೆ ಅವನ ಕಿವಿಗೆ ಬಿದ್ದದ್ದು ಕೊಡಕ್ಕಾಗಲ್ಲ ಎಂಬುದೊಂದೇ. ಈ ಮಾತನ್ನು ಅವನು ಮೂವತ್ತು ವರ್ಷದಲ್ಲಿ ಕೇಳಿರಲಿಲ್ಲ.

“ಅಮ್ಮಾವ್ರೇ, ಅಮಲ್ದಾರ್ರ ಹೆಂಡ್ತಿ ಕೂಡ ನನ್ನ ಹೆಗಲಿಂದ ಬಟ್ಟೆ ಕಿತ್ಕೊಂಡಿಲ್ಲ. ಸುತ್ತಿದ್ದು ನಂದು. ಜಮಖಾನ ನೀವೇ ಇಟ್ಕಳಿ, ನಾನು ಫಕೀರ ಅಲ್ಲ. ಇದು ಮಾಮೂಲು.”

ಅವಳು ತುದಿ ಬಿಡಲಿಲ್ಲ. ಎದುರು ಮನೆಯ ಹೆಂಗಸರು ಬಾಗಿಲಿಗೆ ಬಂದರು. ಹೊಸದಾಗಿ ಬಂದ ಗುಮಾಸ್ತನ ಹೆಂಡತಿ ಒಂದು ಹರಕು ಕೌದಿಗೆ ಮುದುಕನ ಜೊತೆ ಜಗ್ಗಾಡುತ್ತಿದ್ದಾಳೆಂದು ಅವರು ತಿಳಿದರು. ಹಾಗೆ ತಿಳಿಯದೆ ಇನ್ನೇನು ತಿಳಿಯಬೇಕು? ಶಂಕರಲಿಂಗಪ್ಪ ಬಂದು ಅವಳ ಬೆರಳುಗಳನ್ನು ಬಿಡಿಸಿದ.

“ತಗೊಂಡು ಹೋಗಪ್ಪ. ಅವಳಿಗೆ ತವರಿನ ವ್ಯಾಮೋಹ.”

ನಬೀ ಸಾಬ್ ಸಲಾಂ ಮಾಡದೆ ಹೊರಟು ಹೋದ.

ಬಾಗಿಲು ಹಾಕಿದ ಮೇಲೆ ಅವಳು ಗಂಡನ ಮುಂದೆ ನಿಂತಳು. “ಅವರ ಮನೇಲಿ ಐದು ತಿಂಗಳ ಕೂಸೈತೆ. ಹೋಗಿ ಹೇಳಿ ಬನ್ನಿ.”

“ಏನಂತ ಹೇಳ್ಲಿ? ಹೊಸ್ತಿಲಲ್ಲಿ ನಿಂತು ಕೇಳ್ದಾಗ ಸುಳ್ಳು ಹೇಳ್ದೆ ಅಂತಾನಾ? ನಾಳೆ ಹಾಜರಾಗ್ಬೇಕು ನಾನು. ಊರಿಗೆ ರೋಗ ತಂದೋನು ಅಂದ್ರೆ ನಾಡಿದ್ದು ಮನೆ ಖಾಲಿ ಮಾಡಿಸ್ತಾರೆ. ನೀಲೀನ ಶೆಡ್ಡಿಗೆ ಹಾಕ್ತಾರೆ.” ಆಮೇಲೆ ಅವನೇ ಮೆತ್ತಗೆ ಅಂದ, “ಒಗೀದೆ ಇರ್ತಾರಾ? ಒಗೆದು ಬಿಸಿಲಿಗೆ ಹಾಕಿದ್ರೆ ಏನೂ ಆಗಲ್ಲ. ಅದನ್ನ ಸುಡದೆ ಇಟ್ಟೋಳು ಯಾರು ಹೇಳು.”

ಅವಳು ಹೋಗಿ ಪಾತ್ರೆಯ ಗಂಟು ಬಿಚ್ಚತೊಡಗಿದಳು.

ಸೋಮವಾರ ಇಡೀ ದಿನ ಅವಳು ಸಾಮಾನು ಜೋಡಿಸಿದಳು. ಒಂದು ಕೈ ಪಾತ್ರೆ ಇಡುತ್ತಿದ್ದರೆ ಇನ್ನೊಂದು ಕೈ ಬೆರಳು ಮಡಿಸುತ್ತಿತ್ತು. ಭಾನುವಾರ, ಸೋಮವಾರ, ಮಂಗಳವಾರ. ಬುಧವಾರದ ಹೊತ್ತಿಗೆ ಸೂಜಿ ಬಿದ್ದರೆ ಕೂಸು ಉಳಿಯುತ್ತದೆ. ಮಂಗಳವಾರ ಗಂಡ ಕಚೇರಿಗೆ ಹೋದ ಮೇಲೆ ಪೆಟ್ಟಿಗೆ ತೆಗೆದಳು. ಯುಗಾದಿಗೆಂದು ಗಂಡ ತುಮಕೂರಿಂದ ತಂದಿಟ್ಟಿದ್ದ ಕೆಂಪು ರಗ್ಗು, ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ಅದನ್ನು ಕಂಕುಳಲ್ಲಿಟ್ಟುಕೊಂಡು ದಾರಿ ಕೇಳುತ್ತ ಹೋದಳು. ರಗ್ಗು ಕೊಟ್ಟು ಕೌದಿ ಕೇಳುವುದು, ಕೊಡದಿದ್ದರೆ ಬಾಯಿ ಬಿಟ್ಟು ಹೇಳಿಯೇ ಬಿಡುವುದು ಎಂದು ಗಟ್ಟಿ ಮಾಡಿಕೊಂಡೇ ಹೋದಳು.

ನಬೀ ಸಾಬನ ಮನೆಯಲ್ಲಿ ಗಂಡಸರಿರಲಿಲ್ಲ. ಅವನ ಹೆಂಡತಿ ಅಮೀನಾಬಿ, ಸೊಸೆ ಅಖ್ತರ್ ಬೇಗಂ ಇದ್ದರು. ಅಂಗಳದ ಬಿಸಿಲಿನಲ್ಲಿ ಕೂಸು ಮಲಗಿತ್ತು. ಅದರ ಕೆಳಗೆ ಇದ್ದದ್ದು ಅವಳ ತಾಯಿಯ ಹಸಿರು ಸೀರೆಯ ತುಂಡು. ಅಮೀನಾಬಿ ಕೌದಿಯನ್ನು ನಾಲ್ಕು ಮಾಡಿ ಕತ್ತರಿಸಿ, ಒಂದಕ್ಕೆ ಹೊಸ ಅಂಚು ಹೊಲಿದು ಆಗಲೇ ಹಾಸಿಬಿಟ್ಟಿದ್ದಳು. ಒಗೆದಿರಲಿಲ್ಲ. ಗುಮಾಸ್ತರ ಮನೆಯದು, ಶುಭ್ರವಾಗಿರುತ್ತದೆ ಎಂದುಕೊಂಡಿದ್ದಳು.

ಕೂಸು ಆ ಹಸಿರನ್ನು ಬಾಯಿಗೆ ತುರುಕಿಕೊಂಡು ಚೀಪುತ್ತಿತ್ತು.

ಸಿದ್ದಗಂಗಮ್ಮ ಕೂಸಿನ ಪಕ್ಕದಲ್ಲಿ ಕೂತಳು. ರಗ್ಗನ್ನು ಮುಂದೆ ಚಾಚಿದಳು. “ಮಗೂಗೆ ಅಂತ ತಂದೆ. ಇದರ ಮ್ಯಾಲೆ ಮಲಗ್ಸಿ. ಆ ಹಳೇದನ್ನ ನಂಗೆ ಕೊಡಿ.”

ಅಮೀನಾಬಿ ರಗ್ಗನ್ನು ಮುಟ್ಟಿ ನೋಡಿ ಗಾಬರಿಯಾದಳು. “ಯಾ ಅಲ್ಲಾ, ಹೊಸಾದು. ಮೊನ್ನೆ ನಮ್ಮೋರು ಕೋಪ ಮಾಡ್ಕಂಡು ಬಂದ್ರು, ನೀವು ಅದನ್ನ ಮನ್ಸಿಗೆ ಹಚ್ಕೊಂಡ್ರಾ? ಕೌದಿ ಕತ್ತರಿಸ್ಬುಟ್ಟಿದೀನಲ್ಲ ಅಮ್ಮ. ಈಗ ಹೆಂಗೆ ಕೊಡ್ಲಿ?”

“ಕೂಸಿಗೆ ಸೂಜಿ ಹಾಕ್ಸಿದೀರಾ? ಸಿಡುಬಿಂದು?”

“ಇಲ್ಲ. ಬ್ಯಾಸಿಗೇಲಿ ಮನೆ ಹತ್ರ ಬರ್ತಾರಲ್ಲ.”

“ಇವತ್ತೇ ಆಸ್ಪತ್ರೆಗೆ ಹೋಗಿ ಹಾಕ್ಸಿಬುಡಿ. ಇಲ್ಲಾಂದ್ರೆ ನಾಳೆ.”

“ಯಾಕಮ್ಮ? ಊರಲ್ಲಿ ಎಲ್ಲಾರ ಆಗೈತಾ?”

ಅಷ್ಟೇ ಬೇಕಾಗಿತ್ತು. ಹೌದು, ನಮ್ಮ ಮನೆಯಲ್ಲಿ ಆಗಿತ್ತು ಅನ್ನಬೇಕಾಗಿತ್ತು, ಅಷ್ಟೇ. ಸಿದ್ದಗಂಗಮ್ಮ ಬಾಯಿ ತೆರೆದಳು. ಆಗ ಅವಳ ಕಣ್ಣ ಮುಂದೆ ಬಂದದ್ದು ಮಲಗಿದ್ದ ಆ ಕೂಸಲ್ಲ, ಊರ ಹೊರಗಿನ ತಗಡಿನ ಶೆಡ್ಡಿನಲ್ಲಿ ಗುಳಿಬಿದ್ದ ಮುಖ ಹೊತ್ತು ಅವ್ವಾ ಎಂದು ಅಳುವ ನೀಲಮ್ಮ. ವಾಸಿಯಾದವಳನ್ನು ಯಾರೂ ಶೆಡ್ಡಿಗೆ ಹಾಕುವುದಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಗಂಡ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು.

“ಸುಮ್ನೆ ಅಂದೆ,” ಎಂದಳು. “ಹಾಕ್ಸಿದ್ರೆ ಒಳ್ಳೇದು ಅಂತ.”

“ಈ ಚಳೀಲಿ ಸೂಜಿ ಹಾಕ್ಸಿದ್ರೆ ಜ್ವರ ಬತ್ತದೆ. ಬ್ಯಾಸಿಗೆ ಬರ್ಲಿ.”

ಅಖ್ತರ್ ಬೇಗಂ ಇಪ್ಪತ್ತು ದಾಟದ ಹುಡುಗಿ, ಪಾವಗಡದವಳು. ಬೇಡ ಅನ್ನುವಲ್ಲಿ ತೆಲುಗಿನ ‘ಒದ್ದು’ ಅಂದುಬಿಟ್ಟು ಅತ್ತೆಯಿಂದ ನಗಿಸಿಕೊಳ್ಳುವವಳು. ಅವಳು ಬಂದವಳ ಮುಖವನ್ನೇ ನೋಡುತ್ತಿದ್ದಳು.

“ನಿಮ್ಗೆ ಮಕ್ಕಳಿಲ್ವಾ ಅಕ್ಕಾ?”

“ಒಬ್ಳು. ಅಜ್ಜಿ ಮನೇಲವ್ಳೆ.”

“ಕರ್ಕೊಂಡು ಬನ್ನಿ. ನಮ್ಮದೂ ಇನ್ನೆರಡು ತಿಂಗಳಿಗೆ ಅಂಬೆಗಾಲು ಇಕ್ತದೆ.”

ಸಿದ್ದಗಂಗಮ್ಮ ರಗ್ಗನ್ನು ಅಲ್ಲೇ ಬಿಟ್ಟು ಎದ್ದಳು. ಅಮೀನಾಬಿ ಬರಿಗೈಲಿ ಕಳಿಸಬಾರದೆಂದು ಅವಳ ಮಡಿಲಿಗೆ ಎರಡು ಹಿಡಿ ಖರ್ಜೂರ ಹಾಕಿದಳು. ಸಂಜೆ ನಬೀ ಸಾಬನೇ ಬಂದು ಬಾಗಿಲಲ್ಲಿ ಒಂದು ಹೊರೆ ಸೌದೆ ಇಳಿಸಿ, “ಮುದುಕ ಬಾಯಿ ಜೋರು ಮಾಡ್ಬುಟ್ಟೆ, ಮಾಫ್ ಮಾಡಿ ಅಮ್ಮಾವ್ರೇ,” ಎಂದು ಹೋದ. ಆ ಸೌದೆಯಲ್ಲಿ ಒಂದು ಕಡ್ಡಿಯನ್ನೂ ಅವಳಿಂದ ಒಲೆಗಿಡಲಾಗಲಿಲ್ಲ.

ಬುಧವಾರ ಬಂತು, ಹೋಯಿತು. ಆಮೇಲೆ ಅವಳು ದಿನ ಎಣಿಸುವುದನ್ನು ಬಿಟ್ಟಳು. ಎಣಿಸದಿದ್ದರೆ ಏನೂ ಆಗುವುದಿಲ್ಲವೇನೋ ಎಂಬ ಹುಚ್ಚು ಆಸೆ. ಮುಂದಿನ ವಾರ ಮೊಸರು ಮಾರುವ ಚಿಕ್ಕಹನುಮಕ್ಕ ಒಂದು ಸುದ್ದಿ ತಂದಳು. ಸೊಸೆ ಅಖ್ತರ್ ಬೇಗಂ ಅತ್ತೆಯ ಮಾತು ಮೀರಿ, ಕೂಸನ್ನೆತ್ತಿಕೊಂಡು ಮಧುಗಿರಿಯಲ್ಲಿ ಅಕ್ಕನ ಮನೆಯ ಮದುವೆಗೆ ಹೋಗಿ ಬಂದಳಂತೆ. ಅದಾದ ಮೂರನೇ ದಿನ ಇನ್ನೊಂದು ಸುದ್ದಿ. ಕೂಸಿಗೆ ಜ್ವರ. ಇನ್ನೂ ಮೂರು ದಿನ ಕಳೆದು ಮತ್ತೆ ಬಂದಳು.

“ಅಮ್ಮ ಆಗೈತೆ ಕಣಮ್ಮ. ಮೈಯೆಲ್ಲ ಒಂದೇ ಸಮ ಎದ್ದೈತೆ. ಮಧುಗಿರೀಲಿ ಮದ್ವೆ ಮನೆ ಪಕ್ಕದಲ್ಲೇ ಆಗಿತ್ತಂತಲ್ಲ. ಕೂಸನ್ನ ಕರ್ಕಂಡು ಹೋಗಬ್ಯಾಡ ಅಂತ ಅತ್ತೆ ಬಡ್ಕಂಡ್ಳಂತೆ, ಕೇಳಿದ್ರೆ ತಾನೆ?”

ಸಿದ್ದಗಂಗಮ್ಮ ಮೊಸರು ಹಾಕಿಸಿಕೊಳ್ಳದೆ ಬಾಗಿಲು ಹಾಕಿಕೊಂಡಳು. ಮೈ ಎದ್ದ ಐದನೇ ದಿನಕ್ಕೆ ಕೂಸು ಹೋಯಿತು. ಹಾಸಿದ್ದು ಹೊದಿಸಿದ್ದನ್ನೆಲ್ಲ ಅಮೀನಾಬಿ ಸುಟ್ಟಳಂತೆ. ಸುಡಬೇಕಾದ್ದು ಕೊನೆಗೂ ಸುಟ್ಟುಹೋಯಿತು, ಎರಡು ತಾಲ್ಲೂಕು ದಾಟಿ ಬಂದು, ಒಂದು ಕೂಸನ್ನು ಕರೆದುಕೊಂಡು.

ನಬೀ ಸಾಬನ ಮನೆಯಲ್ಲಿ ಉಳಿದವರಿಗೆಲ್ಲ ತೋಳಿನಲ್ಲಿ ಸೂಜಿಯ ಗುರುತಿತ್ತು, ಯಾರಿಗೂ ಏನೂ ಆಗಲಿಲ್ಲ. ಗುರುತಿಲ್ಲದಿದ್ದದ್ದು ಅದೊಂದಕ್ಕೇ. ಶಂಕರಲಿಂಗಪ್ಪ ಎರಡು ದಿನ ಊಟ ಬಿಟ್ಟ, ಮೂರನೇ ದಿನ ಉಂಡ. “ಮಧುಗಿರಿಯಿಂದ ಬಂತು ಅಂತ ಅವರೇ ಹೇಳ್ತಿದಾರಲ್ಲ,” ಎಂದ. “ಇದ್ದರೂ ಇರಬಹುದು.” ಮದುವೆಗೆ ಹೋಗಿಬಂದ ಮೂರೇ ದಿನಕ್ಕೆ ಸಿಡುಬಿನ ಜ್ವರ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಸೋಂಕಿದ ಮೇಲೆ ಹನ್ನೆರಡು ದಿನ ಬೇಕು ಎಂದು ಆರೋಗ್ಯ ಇಲಾಖೆಯವನು ಹೇಳಿದ್ದು ಅವನ ಎದುರಿಗೇ. ಭಾನುವಾರದಿಂದ ಎಣಿಸಿದರೆ ಜ್ವರ ಬಂದ ದಿನಕ್ಕೆ ಸರಿಯಾಗಿ ಹನ್ನೆರಡು.

ನೀಲಮ್ಮನನ್ನು ಕರೆತರುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವಳ ಮುಖ ನೋಡಿದರೆ ಊರಿಗೆ ಲೆಕ್ಕ ಸಿಗುತ್ತದೆ. ಮಗಳಿಗಾಗಿ ಬಾಯಿ ಮುಚ್ಚಿಕೊಂಡವಳಿಗೆ ಮಗಳೂ ಇಲ್ಲದಂತಾಯಿತು. ಕನ್ನಡಿಗೆ ಒಂದು ಸೀರೆ ಇಳಿಬಿಟ್ಟು ಅದರ ಮುಂದೆ ಹೋಗುವುದನ್ನೇ ಅವಳು ಬಿಟ್ಟಳು.

ಒಂದು ತಿಂಗಳು ಹೀಗೇ ಹೋಯಿತು. ಒಂದು ಬೆಳಿಗ್ಗೆ ಚಿಕ್ಕಹನುಮಕ್ಕ ಮೊಸರು ಅಳೆಯುತ್ತ ಹೇಳಿದಳು. “ಸಾಬರ ಸೊಸೆಯ ಸಾಮಾನು ಇವತ್ತು ಹೋಗ್ತೈತೆ ಪಾವಗಡಕ್ಕೆ. ಅಕ್ಬರ್ ಅವಳ ಮುಖ ನೋಡಲ್ಲ ಅಂತ ಕೂತವ್ನಂತೆ. ನನ್ನ ಮಗೂನ ಮದ್ವೆ ಊಟಕ್ಕೆ ಬಲಿ ಕೊಟ್ಳು ಅಂತಾನಂತೆ. ಮುದುಕ ಎಷ್ಟು ಹೇಳಿದ್ರೂ ಕೇಳ್ಲಿಲ್ಲ.”

ಹೆಣ್ಣು ತವರಿಗೆ ಹೋದರೆ ಮರಳಿ ಬರುತ್ತಾಳೆ. ಸಾಮಾನು ಹೋದರೆ ಬರುವುದಿಲ್ಲ. ಇದು ಗೊತ್ತಾಗಲು ಯಾವ ಜಾತಿಯಾದರೇನು.

ಗಾಡಿ ಬರುವುದಕ್ಕೆ ಬಹಳ ಹೊತ್ತಾಗಲಿಲ್ಲ. ಪಾವಗಡಕ್ಕೆ ಮಧುಗಿರಿ ರಸ್ತೆಯೇ ದಾರಿ, ಅದು ಸಿದ್ದಗಂಗಮ್ಮನ ಬಾಗಿಲ ಮುಂದೆಯೇ ಹಾಯಬೇಕು. ನಬೀ ಸಾಬ್ ಎತ್ತುಗಳ ಕೊರಳ ಹತ್ತಿರ ನಡೆದು ಬರುತ್ತಿದ್ದ. ಸೊಸೆಯನ್ನು ಮಗನ ಕೈಲಿ ಕಳಿಸದೆ ತಾನೇ ಹೊರಟಿದ್ದ. ಗಾಡಿಯ ಮೇಲೆ ಕಾಲು ಬಿಚ್ಚಿದ ಮದುವೆಯ ಮಂಚ, ಒಂದು ತಗಡಿನ ಪೆಟ್ಟಿಗೆ, ನಾಲ್ಕು ತಾಮ್ರದ ಪಾತ್ರೆ. ಎಲ್ಲವನ್ನೂ ಅಮಲ್ದಾರರ ಮನೆಯ ಸಾಮಾನಿನಷ್ಟೇ ಜೋಪಾನವಾಗಿ ಹೇರಿದ್ದ. ಹಿಂಭಾಗದಲ್ಲಿ ಬುರ್ಖಾದ ಮುಸುಕು ಮೇಲೆತ್ತಿಕೊಂಡು ಅಖ್ತರ್ ಬೇಗಂ ಕೂತಿದ್ದಳು. ಅವಳ ಪಕ್ಕದಲ್ಲಿ ಕನ್ನಡಿ. ಕನ್ನಡಿಗೆ ಸುತ್ತಿದ್ದು ಕೂಸಿಗೆ ಹಾಸದೆ ಎತ್ತಿಟ್ಟಿದ್ದ ಕೆಂಪು ರಗ್ಗು.

ಸಿದ್ದಗಂಗಮ್ಮನಿಗೆ ತಡೆಯಲಾಗಲಿಲ್ಲ. ಮೆಟ್ಟಿಲಿಳಿದು ಗಾಡಿಯ ಹಿಂದೆ ಓಡಿ ಹಿಂಬದಿಯ ಹಲಗೆ ಹಿಡಿದುಕೊಂಡಳು. ಗಾಡಿ ನಿಧಾನವಾಗಿ ಹೋಗುತ್ತಿತ್ತು, ಅವಳೂ ಜೊತೆಗೆ ನಡೆದಳು.

“ಅಖ್ತರ್,” ಎಂದಳು, ಕೇಳಿಸಿಯೂ ಕೇಳಿಸದ ಹಾಗೆ. “ಅದು ಮಧುಗಿರಿಯಿಂದ ಬಂದಿದ್ದಲ್ಲ. ಆ ಕೌದಿಯಿಂದ ಬಂದಿದ್ದು. ನಮ್ಮ ನೀಲಿಗೆ ಆಗಿತ್ತು. ಆ ಕೌದಿ ಮ್ಯಾಲೇ ಮಲಗಿದ್ಳು. ನಿಂದೇನೂ ತಪ್ಪಿಲ್ಲ.”

ಅಖ್ತರ್ ಬೇಗಂ ಹಲಗೆಯತ್ತ ಬಾಗಿದಳು. ಅತ್ತು ಅತ್ತು ಒಣಗಿದ್ದ ಕಣ್ಣುಗಳಿಂದ ಅವಳನ್ನು ನೋಡಿದಳು. ಸೂಜಿ ಹಾಕಿಸಿ ಎಂದು ಅವಸರ ಮಾಡಿದ್ದು, ಹೊಸ ರಗ್ಗು ಬಿಟ್ಟು ಹೋದದ್ದು, ಅಜ್ಜಿಯ ಮನೆಯಿಂದ ಬಾರದ ಮಗಳು, ಎಲ್ಲ ಅವಳ ಮನಸ್ಸಿನಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು.

“ಅವತ್ತೇ ಗೊತ್ತಿತ್ತಾ ನಿಮ್ಗೆ?”

ಸಿದ್ದಗಂಗಮ್ಮ ತಲೆ ತಗ್ಗಿಸಿದಳು.

“ನಾನು ಹೇಳಿದ್ರೆ ಯಾರೂ ನಂಬಲ್ಲ,” ಎಂದಳು ಅಖ್ತರ್ ಬೇಗಂ. “ತಪ್ಪಿಸ್ಕೊಳ್ಳೋಕೆ ಹೇಳ್ತಾಳೆ ಅಂತಾರೆ. ಅಲ್ಲವ್ರೆ ಮಾವ. ಅವ್ರಿಗೆ ಹೇಳಿ. ಗಾಡಿ ತಿರುಗಿಸ್ತಾರೆ.”

ಅಷ್ಟರಲ್ಲಿ ಯಾರೋ ಹಿಂದೆ ಬರುತ್ತಿದ್ದಾರೆಂದು ನಬೀ ಸಾಬ್ ಎತ್ತು ನಿಲ್ಲಿಸಿ ತಿರುಗಿದ್ದ. ಒಂದು ತಿಂಗಳಲ್ಲಿ ಅವನ ಬೆನ್ನು ಬಾಗಿತ್ತು. ಗಡ್ಡ ಹಳದಿಗಟ್ಟಿತ್ತು.

“ಏನಮ್ಮಾ?”

ಮನೆಯ ಬಾಗಿಲಲ್ಲಿ ಶಂಕರಲಿಂಗಪ್ಪ ಕೋಟು ಹಾಕಿಕೊಂಡು ಕಚೇರಿಗೆ ಹೊರಟು ನಿಂತಿದ್ದ. ಕಾಲು ಮೆಟ್ಟಿಲ ಮೇಲೇ ನಿಂತುಬಿಟ್ಟಿತ್ತು. ಎದುರು ಮನೆಯ ಹೆಂಗಸರು ನೀರು ಚಿಮುಕಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಸಿದ್ದಗಂಗಮ್ಮ ಗಂಡನನ್ನು ನೋಡಿದಳು, ಮುದುಕನನ್ನು ನೋಡಿದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದು ಅಲ್ಲೇ ತಿರುಚಿಕೊಂಡಿತು.

“ಹಗ್ಗ,” ಎಂದಳು. “ಕನ್ನಡಿ ಹಗ್ಗ ಸಡ್ಲ ಆದಂಗಿತ್ತು. ಅದಕ್ಕೇ ಬಂದೆ.”

ನಬೀ ಸಾಬ್ ಹಿಂದಕ್ಕೆ ನಡೆದು ಬಂದು ಹಗ್ಗಕ್ಕೆ ಬೆರಳು ಹಾಕಿ ಜಗ್ಗಿದ. “ಗಟ್ಟಿಯಾಗೇ ಐತಲ್ಲಮ್ಮ,” ಎಂದ, ಅರ್ಥವಾಗದೆ.

ಅಖ್ತರ್ ಬೇಗಂ ಅವನ ಕೈ ಸರಿಸಿದಳು. ತಾನೇ ಗಂಟು ಬಿಚ್ಚಿ, ಸುತ್ತು ಸುತ್ತಾಗಿ ಹಗ್ಗ ತೆಗೆದು, ಕೆಂಪು ರಗ್ಗನ್ನು ಎಳೆದಳು. ಮಡಿಸಲಿಲ್ಲ. ಹಾಗೇ ಸಿದ್ದಗಂಗಮ್ಮನ ಎದೆಯ ಮೇಲೆ ಒತ್ತಿ ಕೈಬಿಟ್ಟಳು.

“ನಂಗೆ ಒದ್ದು.”

“ಏನು ಬೇಟಿ ಇದು? ಮಧುಗಿರಿ ದಾಟೋದ್ರೊಳಗೆ ಕನ್ನಡಿ ಒಡೆದೋಗ್ತೈತೆ.”

“ಒಡೀಲಿ ಬುಡಿ.”

ಅವಳು ಮುಸುಕು ಎಳೆದುಕೊಂಡು ಆಚೆ ತಿರುಗಿ ಕೂತಳು. ನಬೀ ಸಾಬನಿಗೆ ಏನು ಮಾಡಬೇಕೋ ತೋಚಲಿಲ್ಲ. ತನ್ನ ಹೆಗಲ ಮೇಲಿನ ಟವಲನ್ನು ತೆಗೆದು ಕನ್ನಡಿಯ ಮೂಲೆಗೆ ತುರುಕಿ ಹಗ್ಗ ಮತ್ತೆ ಬಿಗಿದ. ಆಮೇಲೆ ಸಿದ್ದಗಂಗಮ್ಮನ ಹತ್ತಿರ ಬಂದು, ಸೊಸೆಗೆ ಕೇಳದಂತೆ ದನಿ ತಗ್ಗಿಸಿದ.

“ತಪ್ಪು ತಿಳ್ಕಬೇಡಿ ಅಮ್ಮಾವ್ರೇ. ಮಗೂಗೆ ಅಂತ ಅಷ್ಟು ಪ್ರೀತಿಯಿಂದ ಕೊಟ್ಟಿದ್ರಿ. ಕೂಸು ಹೋದಾಗಿಂದ ಇವಳಿಗೆ ತಲೆ ಸ್ವಾಧೀನದಲ್ಲಿಲ್ಲ. ಏನು ಮಾಡ್ತಾಳೆ, ಏನು ಆಡ್ತಾಳೆ ಅವಳಿಗೇ ಗೊತ್ತಾಗಲ್ಲ. ಅವಳ ಪರವಾಗಿ ನಾನು ಮಾಫಿ ಕೇಳ್ತೀನಿ.”

ಅವನು ಕೈ ಮುಗಿದು ಉತ್ತರಕ್ಕೆ ಕಾಯುತ್ತ ನಿಂತ. ಸಿದ್ದಗಂಗಮ್ಮ ರಗ್ಗನ್ನು ಅವುಚಿಕೊಂಡು, ಆಗಲಿ ಎಂಬಂತೆ ತಲೆಯಾಡಿಸಿದಳು.